ಪೂಜೆಗಿಟ್ಟ ಕಾಮಿಕ್ಸ್

"ಸಂಗಣ್ಣನವರೇ, ಕೈ ಹಿಂದಕ್ಕೆ ತಗೊಳ್ಳಿ!"

ಅನಸೂಯ ಅಡುಗೆಮನೆಯಿಂದ ಕೂಗಿದ ರಭಸಕ್ಕೆ ಸಂಗನಬಸಪ್ಪನ ಕೈ ಪುಸ್ತಕಕ್ಕೆ ಗೇಣು ದೂರದಲ್ಲಿ ನಿಂತುಬಿಟ್ಟಿತು. ವೆಸ್ಟ್‌ಮಂಟಿನ ಆ ಅಪಾರ್ಟ್‌ಮೆಂಟಿನ ಕಾಫಿ ಟೇಬಲ್ಲಿಗೆ ಅವಳು ಬೆಳಿಗ್ಗೆಯೇ ರೇಷ್ಮೆ ವಸ್ತ್ರ ಹಾಸಿ, ಮನೆಯ ಪುಸ್ತಕಗಳನ್ನು ಜೋಡಿಸಿ, ಸರಸ್ವತಿ ಪೂಜೆ ಮುಗಿಸಿದ್ದಳು. ಕೆಳಗೆ ಗಂಡ ಬದರೀನಾಥನ ಇಂಜಿನಿಯರಿಂಗ್ ಪುಸ್ತಕಗಳು, ನಡುವೆ ಅವಳ ಕನ್ನಡ ಎಂ.ಎ. ಪುಸ್ತಕಗಳು, ಎಲ್ಲಕ್ಕಿಂತ ಮೇಲೆ ಸಂಗನಬಸಪ್ಪ ಗೆಳೆಯನಿಗೆ ಓದಲು ಕೊಟ್ಟಿದ್ದ ಕಾಮಿಕ್ಸ್: 'ಗ್ರೇ ಹೆರಾನ್', ಮೊದಲ ಸಂಚಿಕೆ. ಮುಖಪುಟದಲ್ಲಿ ಕೊಕ್ಕರೆಯ ಮುಖವಾಡ ತೊಟ್ಟು ಸೇತುವೆಯಿಂದ ಹಾರುತ್ತಿದ್ದ ವೀರನ ಎದೆಗೆ ಒದ್ದೆ ಕುಂಕುಮ ಮೆತ್ತಿಕೊಂಡಿತ್ತು.

ಸಂಗನಬಸಪ್ಪ ಆ ಕಲೆಯನ್ನೇ ನೋಡಿದ. ಆರು ವರ್ಷ ಒಂದು ಗೀರೂ ಬೀಳದಂತೆ ಕಾಪಾಡಿದ್ದ ಪುಸ್ತಕ. ಆದರೆ ಸಂಕಟಪಡಲೂ ಪುರುಸೊತ್ತಿರಲಿಲ್ಲ. ಕೆಳಗೆ ಕಾರಿನ ಇಂಜಿನ್ ಆರಿಸದೆ ಬಂದಿದ್ದ.

"ವೈನಿ, ನಾ ಈಗ ಡೆಟ್ರಾಯಿಟ್‌ಗೆ ಹೊಂಟೀನ್ರಿ. ಇದರ ಚಿತ್ರಾ ತೆಗದ ಮುದುಕ ನಾಳೆ ಅಲ್ಲಿ ಕಾಮಿಕ್ಸ್ ಓದೋ ಮಂದಿನ್ನ ಕಾಣಾಕ ಬರ್ತಾನ. ಕೈ ನಡಗಾಕ ಹತ್ಯಾವಂತ ಅವಗ. ಇದ ಕಡೀ ಸಲ, ಇನ್ನ ಮ್ಯಾಲೆ ಯಾರಿಗೂ ಸಹಿ ಮಾಡೂದಿಲ್ಲ ಅಂತ ಹೇಳ್ಯಾನ."

"ಪೂಜೆಗಿಟ್ಟ ಪುಸ್ತಕ ವಿಜಯದಶಮಿವರೆಗೂ ಎತ್ತೋ ಹಾಗಿಲ್ಲ. ಮಂಗಳವಾರ ಬನ್ನಿ, ಕೊಡ್ತೀನಿ."

"ಮಂಗಳವಾರ ಅಂವ ಎಲ್ಲಿ ಸಿಗ್ತಾನ್ರಿ?"

ಬದರೀನಾಥ ಸೋಫಾದಿಂದ ಎದ್ದು ಬಂದ. "ಅನಸೂಯ, ಅದನ್ನ ಯಾಕೆ ಇಲ್ಲಿಟ್ಟೆ?"

"ನೀವೇ ತಾನೆ ಹೇಳಿದ್ದು? ಹೋದ ಶನಿವಾರ ಇಬ್ಬರೂ ಕಿರುಚಾಡಿದ್ದು ನನಗೂ ಕೇಳಿಸ್ತು."

ಕಿರುಚಾಡಿದ್ದು ನಿಜ. ಕಥೆಯ ಕೊನೆಯಲ್ಲಿ ಕುಸಿಯುವ ಸೇತುವೆಯ ಮೇಲೆ ಒಂದು ಬಸ್ಸಿನ ತುಂಬ ಜನರನ್ನು ಉಳಿಸುವ ಹೆರಾನ್ ತನ್ನ ಸ್ವಂತ ತಮ್ಮನನ್ನು ಉಳಿಸಲಾರ. ಆಮೇಲಿನ ಪುಟದಲ್ಲಿ ಒಂದಕ್ಷರವೂ ಇಲ್ಲ, ಬರೀ ನೀರಿನ ಚಿತ್ರಗಳು. ವೀರನಾದವನು ಅಲ್ಲಿ ಏನಾದರೂ ಆಡಲೇಬೇಕಿತ್ತು, ಬರೆದವನಿಗೆ ಕಥೆ ಮುಗಿಸಲು ಬರಲಿಲ್ಲ ಎಂದು ಬದರೀನಾಥ ಹಟ ಹಿಡಿದಿದ್ದ. ತಮ್ಮ ಸತ್ತವನ ಬಾಯಲ್ಲಿ ಮಾತು ಎಲ್ಲಿಂದ ಬರಬೇಕು ಎಂದು ಸಂಗನಬಸಪ್ಪ ಟೇಬಲ್ ಗುದ್ದಿದ್ದ. ವಾದದಲ್ಲಿ ಬದರೀನಾಥನೇ ಸೋತ. ಸೋತವನು ಸುಮ್ಮನಿರಬೇಕಲ್ಲ! ಕಾಫಿ ತಂದ ಅನಸೂಯ ಮಕ್ಕಳ ಪುಸ್ತಕಕ್ಕೆ ಇಷ್ಟೊಂದು ರಂಪವೇ ಎಂದು ನಕ್ಕದ್ದೇ ತಡ, ಅವಳ ಎಂ.ಎ. ಪುಸ್ತಕಗಳನ್ನೆಲ್ಲ ಒಟ್ಟು ಹಾಕಿದರೂ ಇದರ ಸಮ ಬರುವುದಿಲ್ಲ, ಪುಸ್ತಕ ಎಂದರೆ ಇದು ಎಂದು ಬದರೀನಾಥನೇ ಭಾಷಣ ಬಿಗಿದಿದ್ದ.

"ಅದಕ್ಕೇ ಎಲ್ಲದರ ಮೇಲೆ ಇಟ್ಟೆ," ಎಂದಳು ಅನಸೂಯ. ದನಿಯಲ್ಲಿ ಕೊಂಕಿರಲಿಲ್ಲ. ಗಂಡ ಕಂಗೆಟ್ಟದ್ದು ಅದರಿಂದಲೇ.

"ಅದು ಮಾತಿಗೆ ಅಂದಿದ್ದು ಕಣೆ. ಇದೂ ಒಂದು ಪುಸ್ತಕವಾ? ಡ್ರಗ್‌ಸ್ಟೋರ್‌ನಲ್ಲಿ ಚೂಯಿಂಗ್ ಗಮ್ ಪಕ್ಕ ಇಟ್ಟು ಮಾರ್ತಾರೆ. ಎತ್ತಿ ಕೊಟ್ಬಿಡು."

ಸಂಗನಬಸಪ್ಪ ತಿರುಗಿ ಗೆಳೆಯನ ಮುಖ ನೋಡಿದ. ಬದರೀನಾಥ ಕಣ್ಣು ತಪ್ಪಿಸಿದ.

ಅನಸೂಯ ಸ್ವಲ್ಪ ಯೋಚಿಸಿದಳು. "ಸರಿ, ಪುಸ್ತಕ ಅಲ್ಲ ಅಂದ್ರೆ ನೇಮವೂ ಇಲ್ಲ. ಆದ್ರೆ ಅದು ಇವರದಲ್ಲ, ನಿಮ್ಮದು. ಸಂಗಣ್ಣನವರೇ, ಸರಸ್ವತಿ ಎದುರಿಗೆ ನೀವು ಒಂದು ಮಾತು ಹೇಳಿ, ಇದು ಪುಸ್ತಕ ಅಲ್ಲ ಅಂತ. ನಾನೇ ಕುಂಕುಮ ಒರೆಸಿ ಕೊಡ್ತೀನಿ."

"ಹೇಳ್ಬಿಡೋ," ಎಂದ ಬದರೀನಾಥ. "ಐದು ಗಂಟೆ ಡ್ರೈವ್ ಇದೆ ನಿನಗೆ. ಒಂದು ಮಾತು ತಾನೆ?"

ಅರವತ್ತೊಂಬತ್ತರ ಚಳಿಗಾಲದಲ್ಲಿ ಗದಗಿನಿಂದ ತಮ್ಮ ತೀರಿಕೊಂಡ ಸುದ್ದಿ ಬಂದ ವಾರ ಸಂಗನಬಸಪ್ಪ ಈ ಪುಸ್ತಕ ಕೊಂಡಿದ್ದ. ಊರಿಗೆ ಹೋಗಲು ಆಗಿರಲಿಲ್ಲ. ಯಾರ ಮುಂದೆಯೂ ಅಳದವನು ಆ ಮಾತಿಲ್ಲದ ಪುಟ ತೆರೆದಿಟ್ಟುಕೊಂಡು ಮನಸಾರೆ ಅತ್ತಿದ್ದ. ಬದರೀನಾಥನಿಗೂ ಇದನ್ನು ಹೇಳಿರಲಿಲ್ಲ. ಆ ಪುಟ ಬಿಡಿಸಿದ ಮುದುಕನಿಗೆ ಮಾತ್ರ ಹೇಳಬೇಕು, ಅದೇ ಪುಟದ ಮೇಲೆ ಅವನ ಸಹಿ ಬೇಕು. ಅವನಿಗಿದ್ದದ್ದು ಇದೊಂದೇ ಆಸೆ.

"ಇದು..." ಎಂದ. ತುಟಿ ಅಲುಗಿತು. ಕೆಳಗೆ ಕಾರಿನ ಇಂಜಿನ್ ಗುರುಗುಡುತ್ತಿತ್ತು. ಬದರೀನಾಥ ಉಸಿರು ಬಿಗಿಹಿಡಿದು ಅವನ ಬಾಯನ್ನೇ ನೋಡುತ್ತಿದ್ದ.

"ನನ್ನ ಕಡೆಯಿಂದ ಆಗೂದಿಲ್ರಿ ವೈನಿ."

ಸಂಗನಬಸಪ್ಪ ಟೇಬಲ್ಲಿಗೆ ಕೈಮುಗಿದು, ಬಾಗಿಲಲ್ಲಿ ಬೂಟು ಹಾಕಿಕೊಂಡು, ಬರಿಗೈಯಲ್ಲಿ ಮೆಟ್ಟಿಲಿಳಿದು ಹೋದ. ಕಾರು ಡೆಟ್ರಾಯಿಟ್ ಕಡೆಗೆ ಹೋಯಿತೋ, ಹಾಫ್‌ಮನ್ ಎಸ್ಟೇಟ್ಸಿನ ಅವನ ಮನೆ ಕಡೆಗೋ, ಕಿಟಕಿಯಿಂದ ತಿಳಿಯಲಿಲ್ಲ.

"ಶುದ್ಧ ಹುಚ್ಚ," ಎಂದ ಬದರೀನಾಥ. "ಒಂದು ಸುಳ್ಳು ಹೇಳೋಕಾಗ್ಲಿಲ್ಲ ಇವನಿಗೆ."

"ಸುಳ್ಳು ಅಂತ ನಿಮಗೂ ಗೊತ್ತಿತ್ತು, ಅಲ್ವಾ?"

ಅನಸೂಯ ಜಾರಿದ್ದ ಹೂವನ್ನು ಮತ್ತೆ ಕಾಮಿಕ್ಸ್ ಮೇಲೆ ಇಟ್ಟಳು.

"ಮಂಗಳವಾರ ದೇವರನ್ನ ಕದಲಿಸಿದ ಮೇಲೆ ನಾನು ಮೊದಲು ಓದೋದು ಇದನ್ನೇ," ಎಂದಳು. "ನೀವು ನಿಮ್ಮ ಇಂಜಿನಿಯರಿಂಗ್ ಪುಸ್ತಕ ಓದ್ಕೊಳ್ಳಿ."