ಹಿತ್ತಿಲ ಜಗಲಿಯ ಚಾಪೆ

ಆ ಮನೆಯಲ್ಲಿ ಮುಟ್ಟಾದ ಹೆಂಗಸು ಮೂರು ದಿನ ಹಿತ್ತಿಲ ಜಗಲಿಯಲ್ಲಿ ಬೇರೆ ಚಾಪೆ ಹಾಸಿಕೊಂಡು ಕೂರಬೇಕು. ಅತ್ತೆಗೆ ಮುಟ್ಟು ನಿಂತು ಎಷ್ಟೋ ವರ್ಷವಾಗಿತ್ತು. ಈಗ ಕೂರುವವಳು ಸೊಸೆಯೊಬ್ಬಳೇ. ಸುಮ್ಮನಿರಲಾರದೆ ಅವಳು ಗಲ್ಲದ ಮೇಲಿನ ಒರಟು ಕೂದಲನ್ನು ಉಗುರಿನಿಂದ ಕೀಳುತ್ತಿದ್ದಳು.

ಅತ್ತೆ ಹೊಸ್ತಿಲಲ್ಲೇ ನಿಂತು, ತಾಗದಂತೆ ಎತ್ತರದಿಂದ ಅವಳ ಲೋಟಕ್ಕೆ ಕಾಫಿ ಹುಯ್ದಳು.

“ಹೋದ ತಿಂಗಳೂ ಹುಣ್ಣಿಮೆ ಮಾರನೇ ದಿನ, ಈ ತಿಂಗಳೂ ಹುಣ್ಣಿಮೆ ಮಾರನೇ ದಿನ. ಪಂಚಾಂಗ ನೋಡ್ಕೊಂಡು ಹೊರಗಾಗ್ತೀಯೇನೇ?”

“ಹಾಗೇನಿಲ್ಲ ಅತ್ತೆ.”

“ಸುಳ್ಳು ಬೊಗಳಬೇಡ. ಏನು ಮುಚ್ಚಿಡ್ತಿದ್ದೀಯ?”

ಸೊಸೆ ಲೋಟವನ್ನು ಕುಕ್ಕಿದಳು.

“ತಿಂಗಳುಗಟ್ಟಲೆ ಆಗೇ ಇಲ್ಲ, ಸಾಕಾ? ಪಿಸಿಓಡಿ ಅಂದ್ರು ಡಾಕ್ಟರು. ಆಗಿಲ್ಲ ಅಂದ್ರೆ ನೀವು ಬಸುರಿ ಅಂತ ಬೀದಿಗೆಲ್ಲ ಹೇಳ್ತೀರಿ. ಆಮೇಲೆ ಅಲ್ಲ ಅಂತ ನಾನು ಹೇಳ್ಕೊಂಡು ತಿರುಗಬೇಕು. ಯಾವಾಗ ನೋಡಿದರೂ ಎದೆ ಡವಡವ ಅನ್ನುತ್ತೆ. ಈ ಚಾಪೆ ಮೇಲಿದ್ದಾಗ ಮಾತ್ರ ಯಾರೂ ನನ್ನ ಏನೂ ಕೇಳಲ್ಲ.”

“ಅದಕ್ಕೆ ಇಷ್ಟು ದಿನ ನಾಟಕ ಆಡಿದೆಯಾ?”

“ಬೈಯ್ರಿ. ಆದರೆ ಇಲ್ಲಿಂದ ಎಬ್ಬಿಸಬೇಡಿ.”

ಒಳಗಿನಿಂದ ಮಾವ ಕೂಗಿದ. “ಇವತ್ತು ಅಡುಗೆ ಉಂಟೋ ಇಲ್ಲವೋ? ಅಲ್ಲಿ ನಿಂತು ಏನು ಮಾಡ್ತಿದ್ದೀಯ?”

ಅತ್ತೆ ಸೊಸೆಯನ್ನೇ ದುರುಗುಟ್ಟಿ ನೋಡಿದಳು. ಆಮೇಲೆ ಹೊಸ್ತಿಲು ದಾಟಿ ಬಂದಳು.

“ಆ ಕಡೆ ಸರಿಯೇ” ಎಂದು ಚಾಪೆಯ ಮೇಲೆ ದೊಪ್ಪನೆ ಕೂತು, ಒಳಗಿನವರಿಗೆ ಕೇಳುವಂತೆ ಕೂಗಿದಳು: “ರೀ, ನಾನೂ ಹೊರಗಾಗಿದ್ದೀನಿ! ಅಡುಗೆ ಅಪ್ಪ ಮಗ ಸೇರಿ ಮಾಡ್ಕೊಳ್ಳಿ!”