ಮೂಗಿನ ನೇರಕ್ಕೆ

ಡೋಲ್ಫಿ ತನ್ನದೇ ಮನೆಯ ಗಂಟೆ ಬಾರಿಸಿ ಅತಿಥಿಯಂತೆ ಒಳಗೆ ಬಂದ. ಹೊಟ್ಟೆ ಮುಂದೆ, ದನಿ ಮೂಗಿನಲ್ಲಿ. "ಹೇಂಗಿದ್ದೀಂ ಇವಾಂನ್?"

"ಚೆನ್ನಾಗಿದ್ದೇನೆ ಅಂಕಲ್. ಕೂತ್ಕೊಳ್ಳಿ. ಕುಡೀಲಿಕ್ಕೆ ಎಂತ ಬೇಕು?" ಒಂಬತ್ತು ವರ್ಷದ ಮಗ ಇವಾನ್ ಗೋಡೆ ನೋಡುತ್ತಾ ಪಾಠ ಒಪ್ಪಿಸಿದ.

"ಒಂದು ಚಾಂ. ಸಂಕ್ರೆ ಕಂಮ್ಮಿ."

ಕೊಲ್ಲಿ ದೇಶದ ಸಲ್ವಾ ಬಡಾವಣೆಯ ಆ ಫ್ಲ್ಯಾಟಿನಲ್ಲಿ ವಾರವಿಡೀ ಇದೇ. ಇವಾನ್‌ಗೆ ಆಟಿಸಂ. ಯಾರು ಬರುತ್ತಾರೋ ಅವರ ಹಾಗೇ ಮಾತಾಡಿ ಅಭ್ಯಾಸ ಮಾಡಿಸಿ ಎಂದಿದ್ದರು ಥೆರಪಿ ಟೀಚರ್. ಟೀಚರಿಗೆ ಅದು ಪಾಠ, ಡೋಲ್ಫಿಗೆ ಆಟ. ಇವತ್ತು ಬರುವವರು ಕೊನ್ರಾಡ್, ಊರವರ ಸಂಘದ ಮಕ್ಕಳ ಗುಂಪಿನ ಹಿರಿಯರು. ದನಿ ತುಸು ಮೂಗಿನದು, ಎಲ್ಲರನ್ನೂ ನೋಡುವುದೂ ತಮ್ಮ ಮೂಗಿನ ನೇರಕ್ಕೇ. ಹೋದ ಸಲ "ಹುಡುಗ ಮೂಗನಾ?" ಎಂದು ಕೇಳಿ ಶುಕ್ರವಾರದ ಗುಂಪಿಗೆ ಸೇರಿಸಿಕೊಂಡಿರಲಿಲ್ಲ. ಇನ್ನೊಮ್ಮೆ ನೋಡಿ ಹೇಳುತ್ತೇನೆ ಎಂದಿದ್ದರು.

"ಸಾಕು ಮಾರಾಯ," ಕಿಟಕಿಯಿಂದ ಡೆಲ್ಮಾ ಗಂಡನತ್ತ ತಿರುಗಿದಳು. "ಕಾರು ಬಂತು. ಆ ಮೂಗನ್ನು ಒಳಗಿಡು."

ಕೊನ್ರಾಡ್ ಬಂದರು, ಹೇಗಿದ್ದೀ ಎಂದು ಕೇಳಿದರು, ಕೂತರು. ಇವಾನ್ ಒಂದಕ್ಷರ ತಪ್ಪಲಿಲ್ಲ. "ಕುಡೀಲಿಕ್ಕೆ ಎಂತ ಬೇಕು?"

"ಬರೀ ನೀರು ಸಾಕು ಮಗಾ."

ಪಾಠದಲ್ಲಿ ನೀರು ಇರಲಿಲ್ಲ. ಇವಾನ್‌ನ ಕೈಗಳು ಪಟಪಟ ಬಡಿದುಕೊಂಡವು. "ರಾಂಗ್ ಅಂಕಲ್. 'ಒಂದು ಚಾಂ. ಸಂಕ್ರೆ ಕಂಮ್ಮಿ.' ಹಾಗೆ ಹೇಳ್ಬೇಕು, ಮೂಗಿಂದ." ಹೊಟ್ಟೆಯನ್ನೂ ಮುಂದೆ ಮಾಡಿ ತೋರಿಸಿದ. "ಪಪ್ಪಾ ಕರೆಕ್ಟಾಗಿ ಹೇಳ್ತಾರೆ."

ಕೊನ್ರಾಡ್ ಎದ್ದರು. ಡೋಲ್ಫಿ "ಸರ್, ಅದು ಥೆರಪಿಗೆ..." ಎಂದು ತೊದಲುತ್ತಾ ಪರದೆಯ ಕಡೆ ಸರಿದ. ಬಾಗಿಲಿಗೆ ಇವಾನ್ ಅಡ್ಡ ನಿಂತಿದ್ದ.

"ನಿಮ್ಮ ಟರ್ನ್ ಅಂಕಲ್."

ಕೊನ್ರಾಡ್ ಹುಡುಗನನ್ನು ನೋಡಿದರು. ಅವನು ಕದಲುವಂತೆ ಕಾಣಲಿಲ್ಲ. ಅವರು ಮೆಲ್ಲನೆ ಬಂದು ಕುರ್ಚಿಯಲ್ಲಿ ಕೂತರು.

"ಸರಿ, ಚಾ ತಾ," ಎಂದರು. ಆಮೇಲೆ ಡೆಲ್ಮಾಳಿಗೆ, "ಶುಕ್ರವಾರ ಕಳಿಸಿಕೊಡಮ್ಮ. ಅಪ್ಪನಿಗಿಂತ ಮಗನೇ ಮೇಲು, ಮುಖಕ್ಕೇ ಹೇಳ್ತಾನೆ. ಅಲ್ಲಿ ಮೂವತ್ತು ಮಕ್ಕಳಿದ್ದಾರೆ."

ಡೆಲ್ಮಾಳ ಕಣ್ಣು ತುಂಬಿತು. ಇವಾನ್‌ನ ಕೈಗಳು ಮಾತ್ರ ಮತ್ತೆ ಬಡಿದುಕೊಳ್ಳತೊಡಗಿದವು. ಅವನು ತಂದೆಯ ತೋಳು ಜಗ್ಗಿದ.

"ಪಪ್ಪಾ, ಮೂವತ್ತೂ ಜನರ ಹಾಗೆ ಮಾತಾಡ್ಲಿಕ್ಕೆ ನಿಮ್ಗೆ ಬರ್ತದಾ?"