ಲಗ್ನಪತ್ರಿಕೆಯ ಚೂರು

"ಪಾಯಿಂಟ್ಸ್ ತೆಗೆದು ಎಲೆಕ್ಟ್ರಾನಿಕ್ ಕಿಟ್ಟೇ ಹಾಕಿಬಿಡು ಸ್ಕಂದ," ಎಂದಳು ವರ್ಷಾ. ಹಳೆಯ ಮಸ್ಟಾಂಗ್ ಕಾರಿನ ಬಾನೆಟ್ಟಿನೊಳಗೆ ಬಗ್ಗಿದ್ದ ಮೈದುನ ತಲೆ ಎತ್ತಿದ. "ಈ ಪಾಯಿಂಟ್ಸ್ ಬಿಚ್ಚಿದ್ರೆ ಅಣ್ಣ ನನ್ನನ್ನ ಈ ಲಿಂಕೋಪಿಂಗ್ ಊರು ಬಿಟ್ಟೇ ಓಡಿಸ್ತಿದ್ದ, ಅತ್ತಿಗೆ."

"ವರ್ಷವರ್ಷ ಅದನ್ನ ಉಜ್ಜಿ, ಗ್ಯಾಪ್ ಹೊಂದಿಸೋಕೆ ನಿಮ್ಮಣ್ಣ ಎಲ್ಲಿದ್ದಾರೆ? ಬೆಳಗ್ಗೆ ನಾನು ಏಳೋದೇ ದೊಡ್ಡ ಕೆಲಸ ಆಗಿದೆ. ಇನ್ನು ಈ ಕಾರನ್ನ ಯಾರು ಎಬ್ಬಿಸ್ತಾರೆ?"

ಸ್ಕಂದ ಎಂಜಿನ್ನಿನ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದ. ಪಾಯಿಂಟ್ಸ್ ಎಂಬ, ಕಿಡಿಗೆ ಕಾರಣವಾಗುವ ಆ ಎರಡು ಪುಟ್ಟ ಲೋಹದ ತುದಿಗಳ ನಡುವೆ ರಟ್ಟಿನ ಚೂರೊಂದು ಸಿಕ್ಕಿಕೊಂಡಿತ್ತು. ಕಳೆದ ಅಕ್ಟೋಬರಿನಲ್ಲಿ, ಚಳಿಗಾಲಕ್ಕೆಂದು ಕಾರು ಮಲಗಿಸುವಾಗ, ತುಕ್ಕು ಹಿಡಿಯದಿರಲಿ ಎಂದು ಅವಳ ಗಂಡ ಬದರಿ ಇಟ್ಟುಹೋದದ್ದು; ಚಳಿಗಾಲ ಮುಗಿಯುವ ಮೊದಲೇ ಅವನು ತೀರಿಕೊಂಡಿದ್ದ. ಅಂಚಿನಲ್ಲಿ ಅರಿಸಿನ ಮಾಸಿತ್ತು. ವರ್ಷಾ ಬಗ್ಗಿ ನೋಡಿದಳು. "ಚಿ. ಸೌ. ವ" ಎಂಬಲ್ಲಿಗೆ ಕತ್ತರಿ ನಿಂತಿತ್ತು. ಅವರದೇ ಲಗ್ನಪತ್ರಿಕೆ.

"ಹಾಗಿದ್ರೆ ಹಳೇದೇ ಇರ್ಲಾ ಅತ್ತಿಗೆ?"

ಅವಳು ಚೂರನ್ನು ಮೆಲ್ಲಗೆ ಎಳೆದಳು. ಲೋಹದ ತುದಿಗಳು ಅದನ್ನು ಬಿಗಿಯಾಗಿ ಕಚ್ಚಿ ಹಿಡಿದಿದ್ದವು. ಬೆರಳು ಬಿಟ್ಟಳು.

"ಬೇಡ, ಹೊಸದೇ ಹಾಕು. ನನ್ನ ಕೈಲಿ ಆಗಲ್ಲ. ಆದ್ರೆ ಆ ಚೂರು ಎಳೀಬೇಡ ಮಾರಾಯ. ಪಾಯಿಂಟ್ಸು, ಚೂರು ಎರಡನ್ನೂ ಹೀಗೇ ಒಟ್ಟಿಗೆ ಬಿಚ್ಚಿ ನನಗೆ ಕೊಡು."